ನೆಲ ಬೇಡದ ಕಾರ್ಖಾನೆ

ಹೋದ ಬೇಸಿಗೆಯ ಒಂದು ಸಂಜೆ ನಮ್ಮ ವಾಚನಾಲಯದ ಕಟ್ಟೆಯ ಮೇಲೆ ನಿಮ್ಜ್ ಮಾತು ಬಂದಿತ್ತು. ಜಹೀರಾಬಾದ್ ಸೀಮೆಯಲ್ಲಿ ಅದು ಹೊಸ ಮಾತಲ್ಲ. ನ್ಯಾಲ್ಕಲ್, ಝರಾಸಂಗಂ ಮಂಡಲಗಳ 17 ಹಳ್ಳಿಗಳಲ್ಲಿ 12,635 ಎಕರೆ ಕಾರ್ಖಾನೆಗಳ ಸಲುವಾಗಿ ಬೇಕೆಂದು ಸರ್ಕಾರ ಗುರುತು ಹಾಕಿ ಹತ್ತು ವರ್ಷ ದಾಟಿತು. ಕೇಂದ್ರದ ಕೊನೆಯ ಒಪ್ಪಿಗೆ ಬಂದದ್ದು 2016ರ ಜನವರಿಯಲ್ಲಿ. ಕೊಟ್ಟವರು ಕೊಟ್ಟರು, ಕೊಡೆನೆಂದವರು ಕೋರ್ಟಿಗೆ ಹೋದರು. ಮಾತು ಅಲ್ಲಿಗೇ ಬಂದು ನಿಂತಾಗ, ಎರಡೂವರೆ ಎಕರೆ ತೊಗರಿ ಹೊಲದ ಒಬ್ಬ ಕಾಕಾ ನನ್ನನ್ನು ಕೇಳಿದರು: "ಮಾಸ್ತರ್ರಿ, ಭೂಮಿ ಬ್ಯಾಡನ್ನ ಕಾರ್ಖಾನಿ ಜಗತ್ತಿನಾಗ ಎಲ್ಲ್ಯಾರ ಅದಾವೇನ್ರಿ?"

ನಗೆಮಾತಿಗೆ ಕೇಳಿದ್ದು. ಆದರೆ ಅಂಥ ಕಾರ್ಖಾನೆ ನಿಜವಾಗಿಯೂ ಇದೆ. ಸಮುದ್ರದ ಮೇಲೆ ತೇಲುತ್ತದೆ, ಸಮುದ್ರದ ತಳದಿಂದ ಗ್ಯಾಸ್ ಎಳೆದು ಅಲ್ಲಿಯೇ ನೀರಿನಂತೆ ಮಾಡಿ ತುಂಬಿಡುತ್ತದೆ. ಒಂದು ಗುಂಟೆ ನೆಲವನ್ನೂ ಕೇಳುವುದಿಲ್ಲ. ಅದನ್ನು ಹೇಳಿದೆ. "ಹಂಗಾದ್ರ ಅದೇ ಚೊಲೋ ಅಲ್ರಿ" ಅಂದರು ಕಾಕಾ. ನಾನೂ ಆವತ್ತು ಹೌದೆಂದೆ. ಆಮೇಲೆ ಅದರ ಚರಿತ್ರೆ ಓದುತ್ತ ಹೋದ ಹಾಗೆ ಹೌದೆಂದದ್ದು ಅವಸರವಾಯಿತು ಅನಿಸಿತು. ಈ ಲೇಖನ ಆ ಕಾಕಾನಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಒಲೆಗೆ ಬರುವ ಸಿಲಿಂಡರಿನ ಗ್ಯಾಸ್ ಬೇರೆ, ನಾನು ಹೇಳುತ್ತಿರುವ ಗ್ಯಾಸ್ ಬೇರೆ. ಸಿಲಿಂಡರಿನಲ್ಲಿರುವುದು ಪ್ರೋಪೇನ್, ಬ್ಯೂಟೇನ್. ಅವನ್ನು ಒತ್ತಿದರೆ ಸಾಕು, ನೀರಾಗುತ್ತವೆ. ಅದಕ್ಕೇ ಸಿಲಿಂಡರ್ ಅಲುಗಾಡಿಸಿದರೆ ಒಳಗೆ ಕುಲುಕುವುದು ಗೊತ್ತಾಗುತ್ತದೆ. ನೈಸರ್ಗಿಕ ಅನಿಲ ಎಂದರೆ ಹೆಚ್ಚಿನ ಪಾಲು ಮೀಥೇನ್. ಅದು ಹಟಮಾರಿ. ಸೊನ್ನೆಗಿಂತ 82 ಡಿಗ್ರಿ ಕೆಳಗೆ ಇಳಿಯುವವರೆಗೆ ಎಷ್ಟು ಒತ್ತಿದರೂ ಮಣಿಯುವುದಿಲ್ಲ. ಒತ್ತಡವಿಲ್ಲದೆ ನೀರಾಗಿ ಇಡಬೇಕೆಂದರೆ ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣ್ಣಗೆ ಮಾಡಬೇಕು. ಹಾಗೆ ಮಾಡಿದರೆ ಅದರ ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆರುನೂರು ಚೀಲ ತೊಗರಿ ಒಂದೇ ಚೀಲದಲ್ಲಿ ಹಿಡಿಸಿದರೆ ತಾಂಡೂರಿನ ಅಡತಿ ಅಂಗಡಿಯವರು ಏನೇನು ಮಾಡಿಯಾರು, ಊಹಿಸಿಕೊಳ್ಳಿ. ಇದೂ ಹಾಗೆಯೇ. ಪೈಪು ಹಾಕಲಾಗದಷ್ಟು ದೂರದ ದೇಶಕ್ಕೆ ಗ್ಯಾಸನ್ನು ಹಡಗಿನಲ್ಲಿ ಸಾಗಿಸುವ ದಾರಿ ಇದರಿಂದ ತೆರೆಯಿತು. ಇದಕ್ಕೇ ಎಲ್‌ಎನ್‌ಜಿ, ಅಂದರೆ ದ್ರವ ನೈಸರ್ಗಿಕ ಅನಿಲ ಎನ್ನುವುದು.

ಅನಿಲವನ್ನು ದ್ರವ ಮಾಡುವ ವಿದ್ಯೆ ಹಳೆಯದು. ಮೈಕೆಲ್ ಫ್ಯಾರಡೆ 1823ರಲ್ಲೇ ಕ್ಲೋರಿನನ್ನು ದ್ರವ ಮಾಡಿದ್ದ. ಆದರೆ ಪ್ರಯೋಗಶಾಲೆಯ ಗಾಜಿನ ಕೊಳವೆಯಲ್ಲಿ ಮಾಡುವುದು ಒಂದು, ಊರ ನಡುವೆ ಟ್ಯಾಂಕ್ ಕಟ್ಟಿ ಇಡುವುದು ಇನ್ನೊಂದು. ಅಮೆರಿಕದ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ಹಾಗೆ ಇಟ್ಟಿದ್ದರು. ಯುದ್ಧಕಾಲ, ನಿಕಲ್ ಲೋಹಕ್ಕೆ ಬರ. ಒಂದು ಟ್ಯಾಂಕಿಗೆ ನಿಕಲ್ ಕಡಿಮೆ ಹಾಕಿದ ಉಕ್ಕು ಬಳಸಿದ್ದರು. ಅಷ್ಟು ಚಳಿಗೆ ಅಂಥ ಉಕ್ಕು ಗಾಜಿನಂತೆ ಒಡೆಯುತ್ತದೆ. 1944ರ ಅಕ್ಟೋಬರ್ 20ರಂದು ಟ್ಯಾಂಕ್ ಒಡೆಯಿತು, ತಣ್ಣನೆಯ ದ್ರವ ಬೀದಿಗೆ ಹರಿದು ಗಟಾರಗಳಿಗೆ ಇಳಿದು ಹೊತ್ತಿಕೊಂಡಿತು. 130 ಮಂದಿ ಸತ್ತರು. ಆಮೇಲೆ ಎಷ್ಟೋ ವರ್ಷ ಈ ಕೆಲಸಕ್ಕೆ ಕೈ ಹಾಕಲು ಜನ ಹೆದರಿದರು.

1959ರಲ್ಲಿ ಮೀಥೇನ್ ಪಯೋನಿಯರ್ ಎಂಬ ಹಡಗು ಅಮೆರಿಕದ ಲೇಕ್ ಚಾರ್ಲ್ಸ್‌ನಿಂದ ಇಂಗ್ಲೆಂಡಿನ ಕ್ಯಾನ್ವಿ ದ್ವೀಪಕ್ಕೆ ದ್ರವ ಗ್ಯಾಸ್ ಮುಟ್ಟಿಸಿತು. ಎರಡನೇ ಮಹಾಯುದ್ಧದ ಕಾಲದ ಹಳೆಯ ಸರಕು ಹಡಗನ್ನೇ ತಿದ್ದಿ ಮಾಡಿದ್ದದು. 1964ರಿಂದ ಅಲ್ಜೀರಿಯಾದ ಆರ್ಜ್ಯೂ ಬಂದರಿನಿಂದ ವ್ಯಾಪಾರ ಶುರು. ನಮ್ಮ ದೇಶಕ್ಕೆ ಮೊದಲ ಹಡಗು ಬಂದದ್ದು 2004ರ ಜನವರಿಯಲ್ಲಿ, ಕತಾರಿನಿಂದ ಗುಜರಾತಿನ ದಹೇಜ್‌ಗೆ. ಹಡಗಿನ ಹೆಸರು ದಿಶಾ.

ಇಷ್ಟೆಲ್ಲ ವರ್ಷ ಗ್ಯಾಸನ್ನು ದ್ರವ ಮಾಡುವ ಕಾರ್ಖಾನೆ ಮಾತ್ರ ನೆಲದ ಮೇಲೆಯೇ ಇತ್ತು. ಸಮುದ್ರದಿಂದ ದಂಡೆಗೆ ಪೈಪು, ದಂಡೆಯಲ್ಲಿ ಸಾವಿರಾರು ಎಕರೆ, ಅಲ್ಲಿ ಜೆಟ್ಟಿ, ಅಲ್ಲಿಗೆ ಹಡಗು. ಕಾರ್ಖಾನೆಯನ್ನೇ ಹಡಗಿನ ಮೇಲೆ ಇಡುವ ಯೋಚನೆ ಹಲವು ದಶಕ ಕಾಗದದಲ್ಲೇ ಇತ್ತು. ಅದು ನೀರಿಗೆ ಇಳಿದು ಕೆಲಸ ಮಾಡಿದ್ದು ತೀರ ಮೊನ್ನೆ. ಮಲೇಷ್ಯಾದ ಪೆಟ್ರೋನಾಸ್ ಕಂಪನಿಯ ಪಿಎಫ್‌ಎಲ್‌ಎನ್‌ಜಿ ಸಾತು 2016ರ ಡಿಸೆಂಬರಿನಲ್ಲಿ ಸರವಾಕ್ ಸಮುದ್ರದಲ್ಲಿ ಮೊದಲ ದ್ರವ ಗ್ಯಾಸ್ ತೆಗೆಯಿತು. ಸಾತು ಎಂದರೆ ಅವರ ಭಾಷೆಯಲ್ಲಿ ಒಂದು.

ದೊಡ್ಡದು ನೋಡಬೇಕೆಂದರೆ ಶೆಲ್ ಕಂಪನಿಯ ಪ್ರೆಲ್ಯೂಡ್. ದಕ್ಷಿಣ ಕೊರಿಯಾದ ಗೋಜೆ ದ್ವೀಪದಲ್ಲಿ ಕಟ್ಟಿದರು. ಉದ್ದ 488 ಮೀಟರ್, ಅಗಲ 74 ಮೀಟರ್. ನಮ್ಮ ಊರ ಅಗಸೆಯಿಂದ ಹೊರಟು ಅದರ ಉದ್ದ ನಡೆದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್. 2017ರಲ್ಲಿ ಅದನ್ನು ಎಳೆದುಕೊಂಡು ಹೋಗಿ ಆಸ್ಟ್ರೇಲಿಯಾದ ಬ್ರೂಮ್ ಪಟ್ಟಣದಿಂದ 475 ಕಿಲೋಮೀಟರ್ ದೂರದ ಸಮುದ್ರದಲ್ಲಿ ನಿಲ್ಲಿಸಿದರು. ಜಹೀರಾಬಾದಿನಿಂದ ಹೈದರಾಬಾದಿಗೆ ಎರಡು ಸಲ ಹೋಗಿ ಬಂದರೂ ಅಷ್ಟು ದೂರ ಆಗುವುದಿಲ್ಲ. ಕೆಳಗೆ 250 ಮೀಟರ್ ನೀರು. ಮೂತಿಯ ಹತ್ತಿರ ಒಂದು ಗೂಟ ಇದ್ದ ಹಾಗೆ. ಅದರಿಂದ 16 ಸರಪಳಿಗಳು ಸಮುದ್ರದ ತಳಕ್ಕೆ ಬಿಗಿದಿವೆ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿದಂತೆ, ಗಾಳಿ ಯಾವ ಕಡೆಯಿಂದ ಬೀಸಿದರೂ ಹಡಗು ಆ ಗೂಟದ ಸುತ್ತ ತಿರುಗಿ ನಿಲ್ಲುತ್ತದೆ. ತುಫಾನು ಬಂದರೆ ಓಡಿಹೋಗುವುದಿಲ್ಲ. ಗ್ಯಾಸ್ ಮೇಲೆ ಬಂದ ಮೇಲೆ ಅದರೊಳಗಿನ ನೀರು, ಇಂಗಾಲಾಮ್ಲ ಎಲ್ಲ ತೆಗೆಯಬೇಕು, ಇಲ್ಲವಾದರೆ ಆ ಚಳಿಗೆ ಮಂಜುಗಡ್ಡೆಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಆಮೇಲೆ ತಣ್ಣಗೆ ಮಾಡುವುದು, ಕೆಳಗಿನ ಟ್ಯಾಂಕುಗಳಲ್ಲಿ ತುಂಬುವುದು, ಪಕ್ಕಕ್ಕೆ ಬಂದು ನಿಂತ ಹಡಗಿಗೆ ಸುರಿಯುವುದು. ವರ್ಷಕ್ಕೆ 36 ಲಕ್ಷ ಟನ್ ದ್ರವ ಗ್ಯಾಸ್ ಲೆಕ್ಕ. ಕೆಲಸದವರು ಹೆಲಿಕಾಪ್ಟರಿನಲ್ಲಿ ಹೋಗಿ ಬರುತ್ತಾರೆ. ಒಂದು ಹೊತ್ತಿಗೆ ಅಲ್ಲಿ ಇರುವವರು ನೂರಕ್ಕೆ ಸ್ವಲ್ಪ ಮೇಲೆ.

ಲೆಕ್ಕ ಅಂದೆ, ಯಾಕೆಂದರೆ ನಡೆದದ್ದು ಬೇರೆ. ಮೊದಲ ಸರಕು ಹೊರಟದ್ದೇ 2019ರ ಜೂನಿನಲ್ಲಿ. 2021ರ ಡಿಸೆಂಬರಿನಲ್ಲಿ ಸಣ್ಣ ಬೆಂಕಿ, ಅದರ ಹಿಂದೆ ಕರೆಂಟೇ ಹೋಯಿತು. ಅಲ್ಲಿಯ ಸುರಕ್ಷತಾ ಇಲಾಖೆ ಸರಿಪಡಿಸುವವರೆಗೆ ಉತ್ಪಾದನೆ ಬೇಡವೆಂದಿತು, ತಿಂಗಳುಗಟ್ಟಲೆ ನಿಂತಿತು. ಮರುವರ್ಷ ಕೆಲಸಗಾರರ ಸಂಬಳದ ಜಗಳದಲ್ಲಿ ಮತ್ತೆ ನಿಂತಿತು. ಊರ ನಡುವಿನ ಸಕ್ಕರೆ ಕಾರ್ಖಾನೆಗೆ ಬರುವ ತೊಂದರೆಗಳೇ ಸಮುದ್ರದ ನಡುವೆಯೂ ಬಂದವು.

ಈಗ ಕಾಕಾನ ಪ್ರಶ್ನೆಗೆ ಬರೋಣ. ಕಂಪನಿಗಳು ನೆಲ ಬಿಟ್ಟು ಸಮುದ್ರಕ್ಕೆ ಯಾಕೆ ಹೋದವು? ದೂರದ ಪೈಪಿನ ಖರ್ಚು ಒಂದು ಕಾರಣ, ಅದು ನಿಜ. ಎರಡನೆಯ ಕಾರಣ ನಮ್ಮಂಥವರೇ.

ಬ್ರೂಮ್ ಪಟ್ಟಣದ ಉತ್ತರಕ್ಕೆ ಜೇಮ್ಸ್ ಪ್ರೈಸ್ ಪಾಯಿಂಟ್ ಎಂಬ ದಂಡೆಯಿದೆ. ಸಮುದ್ರದ ಬ್ರೌಸ್ ಗ್ಯಾಸ್ ಕ್ಷೇತ್ರಕ್ಕೆ ಅಲ್ಲಿ ಕಾರ್ಖಾನೆ ಕಟ್ಟುತ್ತೇವೆಂದು ವುಡ್‌ಸೈಡ್ ಕಂಪನಿ ಹೊರಟಿತ್ತು. ಅದು ಗೂಲರಬೂಲು, ಜಬಿರ್ ಜಬಿರ್ ಎಂಬ ಮೂಲನಿವಾಸಿಗಳ ಹಿರಿಯರ ನೆಲ. ಬೇಕೆಂದವರು ಬೇಡವೆಂದವರು ಎಂದು ಅವರಲ್ಲೇ ಎರಡು ಪಾಲಾಯಿತು. ನಮ್ಮ ಹಳ್ಳಿಗಳಲ್ಲಿ ಆದ ಹಾಗೆಯೇ. ಜನ ದಾರಿಗೆ ಅಡ್ಡ ಕೂತರು. 2013ರ ಏಪ್ರಿಲಿನಲ್ಲಿ ಕಂಪನಿ ಖರ್ಚು ಹೆಚ್ಚಾಯಿತೆಂದು ಹೇಳಿ ಆ ಜಾಗ ಕೈಬಿಟ್ಟಿತು, ತೇಲುವ ಕಾರ್ಖಾನೆ ಇಡುತ್ತೇವೆಂದಿತು. ಆಗ ಕೂಗಿದವರು ಯಾರು ಗೊತ್ತೇ? ಆ ರಾಜ್ಯದ ಮುಖ್ಯಮಂತ್ರಿ ಕಾಲಿನ್ ಬಾರ್ನೆಟ್. ಕಾರ್ಖಾನೆ ದಂಡೆಗೆ ಬರದಿದ್ದರೆ ನಮ್ಮ ರಾಜ್ಯಕ್ಕೆ ಕೆಲಸವೆಲ್ಲಿ, ದುಡಿಮೆಯೆಲ್ಲಿ ಎಂಬುದು ಅವರ ವಾದ. ಕಡೆಗೆ 2016ರಲ್ಲಿ ಆ ತೇಲುವ ಯೋಜನೆಯೂ ಬಿದ್ದುಹೋಯಿತು. ದಂಡೆ ಇದ್ದ ಹಾಗೆ ಉಳಿಯಿತು.

ಇಲ್ಲಿಯವರೆಗೆ ಕಾಕಾನ ಮಾತೇ ಗೆದ್ದಂತೆ ಕಾಣುತ್ತದೆ. ಆದರೆ ಪೂರ್ವ ತಿಮೋರ್ ಕಥೆ ಕೇಳಿ.

ಇಂಡೋನೇಷ್ಯಾದಿಂದ ಬಿಡಿಸಿಕೊಂಡು 2002ರಲ್ಲಿ ಸ್ವತಂತ್ರವಾದ ಸಣ್ಣ ಬಡ ದೇಶ ಅದು. ಜನಸಂಖ್ಯೆ ನಮ್ಮ ಒಂದು ಜಿಲ್ಲೆಯಷ್ಟು. ಅದರ ಮತ್ತು ಆಸ್ಟ್ರೇಲಿಯಾದ ನಡುವಿನ ಸಮುದ್ರದಲ್ಲಿ ಗ್ರೇಟರ್ ಸನ್‌ರೈಸ್ ಎಂಬ ಗ್ಯಾಸ್ ಕ್ಷೇತ್ರವಿದೆ, 1974ರಲ್ಲೇ ಸಿಕ್ಕದ್ದು. ತಿಮೋರ್ ದಂಡೆಯಿಂದ ಸುಮಾರು 150 ಕಿಲೋಮೀಟರ್, ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಸುಮಾರು 450. ಗಡಿರೇಖೆ ಎಲ್ಲಿ ಎಳೆಯಬೇಕೆಂಬ ಜಗಳವೇ ವರ್ಷಗಟ್ಟಲೆ ನಡೆಯಿತು. 2004ರಲ್ಲಿ ಮಾತುಕತೆಯ ಹೊತ್ತಿಗೆ ಆಸ್ಟ್ರೇಲಿಯಾದ ಗೂಢಚಾರರು ತಿಮೋರ್ ಸಂಪುಟದ ಕೋಣೆಯಲ್ಲಿ ಕದ್ದು ಕೇಳುವ ಯಂತ್ರ ಇಟ್ಟಿದ್ದರೆಂಬ ಆರೋಪ ಆಮೇಲೆ ಹೊರಬಿದ್ದು ಲೋಕವೆಲ್ಲ ಸುದ್ದಿಯಾಯಿತು. ಗಡಿರೇಖೆ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಗೆರೆ ಎಳೆದ ಮರುದಿನವೂ ಅದೇ ಹೊಲ, ಅದೇ ಬೀಗರು. ಕಚೇರಿಯ ಕಾಗದದ ಭಾಷೆ ಮಾತ್ರ ಬದಲಾಗುತ್ತ ಹೋಯಿತು.

2010ರಲ್ಲಿ ಕಂಪನಿಗಳು ಸನ್‌ರೈಸ್‌ಗೆ ತೇಲುವ ಕಾರ್ಖಾನೆಯೇ ಲಾಭವೆಂದು ತೀರ್ಮಾನಿಸಿದವು. ಗ್ಯಾಸ್ ಕ್ಷೇತ್ರಕ್ಕೂ ತಿಮೋರ್ ದಂಡೆಗೂ ನಡುವೆ ಸಮುದ್ರದ ತಳದಲ್ಲಿ ಬಹಳ ಆಳದ ಕಣಿವೆಯಿದೆ, ಪೈಪು ಹಾಕುವುದು ಕಷ್ಟ ಎಂದವು. ಯಾರ ನೆಲವೂ ಹೋಗುವುದಿಲ್ಲ, ಪಾಲಿನ ಹಣ ಬರುತ್ತದೆ. ತಿಮೋರ್ ಒಪ್ಪಲಿಲ್ಲ. ಕಾರ್ಖಾನೆ ನಮ್ಮ ದಂಡೆಗೇ ಬರಬೇಕು ಎಂದಿತು. ಅವರ ನಾಯಕ ಶನಾನ ಗುಸ್ಮಾವ್ ಅದನ್ನೇ ಹಿಡಿದು ಕೂತರು. ಹಣ ಬಂದು ಹೋಗುತ್ತದೆ. ಬಂದರು, ರಸ್ತೆ, ವೆಲ್ಡಿಂಗ್ ಕಲಿತ ಹುಡುಗರು ಊರಲ್ಲೇ ಉಳಿಯುತ್ತಾರೆ ಎಂಬ ಲೆಕ್ಕ.

2018ರ ಮಾರ್ಚ್ 6ರಂದು ಗಡಿಯ ಒಪ್ಪಂದವಾಯಿತು. ಅದರಲ್ಲಿ ಒಂದು ಕಲಮು ಓದಿ ನಾನು ಎರಡು ಸಲ ಕಣ್ಣು ಉಜ್ಜಿಕೊಂಡೆ. ಗ್ಯಾಸನ್ನು ಆಸ್ಟ್ರೇಲಿಯಾಕ್ಕೆ ಒಯ್ದರೆ ತಿಮೋರ್‌ಗೆ ಆದಾಯದಲ್ಲಿ ನೂರಕ್ಕೆ 80 ಪಾಲು. ತಿಮೋರ್ ದಂಡೆಗೇ ತಂದರೆ 70 ಪಾಲು. ಅಂದರೆ ಕಾರ್ಖಾನೆ ತಮ್ಮ ನೆಲದ ಮೇಲೆ ನಿಲ್ಲಲಿ ಎಂದು ನೂರಕ್ಕೆ ಹತ್ತು ಬಿಟ್ಟುಕೊಡಲೂ ಅವರು ತಯಾರು. ನಾವಿಲ್ಲಿ ಬೇಡಪ್ಪಾ ಎಂದು ಕೈಮುಗಿದದ್ದನ್ನು ಅವರು ದುಡ್ಡು ಕೊಟ್ಟು ಕೇಳುತ್ತಿದ್ದಾರೆ. ಎರಡು ಕಂಪನಿಗಳ ಪಾಲನ್ನೂ ಖರೀದಿಸಿದರು, ಅರ್ಧಕ್ಕಿಂತ ಹೆಚ್ಚು ಈಗ ಅವರದೇ.

ಆದರೆ ಗ್ಯಾಸ್ ಬರುವ ಮೊದಲೇ ದಕ್ಷಿಣ ದಂಡೆಯ ಸುವಾಯಿ ಎಂಬಲ್ಲಿ ವಿಮಾನ ನಿಲ್ದಾಣ ಕಟ್ಟಿದರು, 2018ರಲ್ಲಿ ನಾಲ್ಕು ಪಥದ ಹೆದ್ದಾರಿಯ ಮೊದಲ ತುಂಡು ಮಾಡಿದರು. ಅದಕ್ಕೆ ಹೊಲ ಮನೆ ಕೊಟ್ಟವರು ಕೊಟ್ಟಾಯಿತು. ಇಲ್ಲಿ ನನಗೆ ಅವರ ಮೇಲೆ ಸಿಟ್ಟೂ ಬರುತ್ತದೆ, ಮರುಕವೂ ಬರುತ್ತದೆ.

ಮೂರನೆಯ ಕಥೆಯಲ್ಲಿ ನಮ್ಮ ದೇಶದ ದುಡ್ಡೂ ಇದೆ. ಆಫ್ರಿಕಾದ ಮೊಜಾಂಬಿಕ್‌ನ ಉತ್ತರ ತುದಿ, ಕಾಬೋ ಡೆಲ್ಗಾಡೋ ಪ್ರಾಂತ. ಅಲ್ಲಿಯ ಸಮುದ್ರದಲ್ಲಿ ಸಿಕ್ಕ ಗ್ಯಾಸಿನ ಒಂದು ಭಾಗದಲ್ಲಿ ನಮ್ಮ ಸರ್ಕಾರಿ ಕಂಪನಿಗಳಾದ ಓಎನ್‌ಜಿಸಿ ವಿದೇಶ್, ಭಾರತ್ ಪೆಟ್ರೋಲಿಯಂ, ಆಯಿಲ್ ಇಂಡಿಯಾಗಳದ್ದು ಕೂಡಿಸಿ ನೂರಕ್ಕೆ 30 ಪಾಲು. ಫ್ರಾನ್ಸಿನ ಟೋಟಲ್ ಕಂಪನಿ ಮುಂದಾಳು. ಅಫುಂಗಿ ಎಂಬಲ್ಲಿ ದಂಡೆಯ ಮೇಲೆ ಸುಮಾರು 7,000 ಹೆಕ್ಟೇರ್ ಕಾರ್ಖಾನೆಗೆಂದು ತೆಗೆದುಕೊಂಡರು. ಕಿತುಪೋ ಎಂಬ ಬೆಸ್ತರ, ಒಕ್ಕಲಿಗರ ಹಳ್ಳಿಯನ್ನು ಎಬ್ಬಿಸಿ ಬೇರೆ ಕಡೆ ಮನೆ ಕಟ್ಟಿಕೊಟ್ಟರು. ಮನೆ ಚೆನ್ನಾಗಿರಬಹುದು. ಆದರೆ ಸಮುದ್ರ ದೂರವಾದರೆ ಬೆಸ್ತ ಬಲೆ ಹೊತ್ತು ಎಲ್ಲಿಗೆ ಹೋಗಬೇಕು? ಸಿಂಗೂರು ಜಲಾಶಯಕ್ಕೆ ಮಾಂಜ್ರಾ ದಂಡೆಯ ಹೊಲ ಕೊಟ್ಟ ನಮ್ಮವರಿಗೆ ಈ ಪ್ರಶ್ನೆ ತಿಳಿಯುತ್ತದೆ. ಆ ಪ್ರಾಂತದಲ್ಲಿ ಬಂಡುಕೋರರ ಹಾವಳಿಯೂ ಬೆಳೆಯುತ್ತಿತ್ತು. 2021ರ ಮಾರ್ಚ್ 24ರಂದು ಅವರು ಪಕ್ಕದ ಪಾಲ್ಮಾ ಊರಿಗೆ ನುಗ್ಗಿದರು. ಎಷ್ಟೋ ಜನ ಸತ್ತರು, ಸಾವಿರಾರು ಜನ ಊರು ಬಿಟ್ಟರು. ಏಪ್ರಿಲಿನಲ್ಲಿ ಟೋಟಲ್ ಕೆಲಸ ನಿಲ್ಲಿಸಿ ಎದ್ದುಹೋಯಿತು. ವರ್ಷಗಟ್ಟಲೆ ಎಲ್ಲ ಹಾಗೇ ನಿಂತಿತು, ನಮ್ಮ 30 ಪಾಲಿನ ಸಮೇತ.

ಅದೇ ಪ್ರಾಂತದ ಸಮುದ್ರದಲ್ಲಿ, ಪಕ್ಕದ ಇನ್ನೊಂದು ಭಾಗದಲ್ಲಿ, ಇಟಲಿಯ ಎನಿ ಕಂಪನಿ ಕೋರಲ್ ಸುಲ್ ಎಂಬ ತೇಲುವ ಕಾರ್ಖಾನೆ ತಂದು ನಿಲ್ಲಿಸಿತ್ತು. 432 ಮೀಟರ್ ಉದ್ದ, ಕೆಳಗೆ 2,000 ಮೀಟರ್ ಆಳದ ನೀರು. 2022ರ ನವೆಂಬರಿನಲ್ಲಿ ಅದರ ಮೊದಲ ಹಡಗು ಯುರೋಪಿನ ಕಡೆ ಹೊರಟಿತು. ದಂಡೆಯಲ್ಲಿ ಊರು ಸುಟ್ಟ ಎರಡು ವರ್ಷದೊಳಗೆ, ಅದೇ ದಂಡೆಯ ಮುಂದಿನ ಸಮುದ್ರದಿಂದ ಗ್ಯಾಸ್ ಹೊರಗೆ ಹೋಗುತ್ತಿತ್ತು. ಕಂಪನಿಗೆ ಇದು ಜಾಣತನ. ದಂಡೆಯ ಮೇಲಿನ ಜನ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬ ಕಾರ್ಖಾನೆ ಇದು. ನೆಲ ಬೇಡವೆಂದರೆ ನೆಲದವರ ಒಪ್ಪಿಗೆಯೂ ಬೇಡ. ನಮ್ಮ ನಿಮ್ಜ್ ಜಗಳದಲ್ಲಿ ಹೊಲದವನು ಬೇಡವೆನ್ನಬಲ್ಲ, ಇಂತಿಷ್ಟು ಕೊಡಿ ಎನ್ನಬಲ್ಲ. ಹೊಲವಿಲ್ಲದ ಕೂಲಿಯವರೂ ಕೇಳಿದರು: ಭೂಮಿಯನ್ನು ಮಾಲೀಕರಿಂದ ನೇರ ಕೊಳ್ಳುವ 2015ರ 123ನೇ ಸರ್ಕಾರಿ ಆದೇಶದಲ್ಲಿ ನಮ್ಮ ಗತಿ ಏನೆಂದು ಜಹೀರಾಬಾದ್ ಕಡೆಯ ಕೃಷಿಕೂಲಿಗಳು ಹೈಕೋರ್ಟಿಗೆ ಹೋದರು, 2016ರ ಆಗಸ್ಟಿನಲ್ಲಿ ಏಕಸದಸ್ಯ ಪೀಠ ಆ ಆದೇಶವನ್ನು ರದ್ದು ಮಾಡಿತು. ಮುಂದೆ ಮೇಲ್ಮನವಿ, ತಿದ್ದುಪಡಿ ಎಲ್ಲ ಆದವು, ಅದು ಬೇರೆ ಮಾತು. ಕೇಳಲು ಅವರ ಕಾಲ ಕೆಳಗೆ ಒಂದು ಜಾಗವಾದರೂ ಇತ್ತು.

ಇನ್ನೊಂದು ಗುಣ ಹೇಳದಿದ್ದರೆ ಚರಿತ್ರೆ ಪೂರ್ತಿಯಾಗದು. ತೇಲುವ ಕಾರ್ಖಾನೆ ಎದ್ದು ಹೋಗಬಲ್ಲದು. ಮೊದಲಿಗ ಎಂದೆನಲ್ಲ, ಆ ಸಾತು, 2019ರಲ್ಲಿ ಸರವಾಕ್ ಬಿಟ್ಟು ಸಬಾ ಸಮುದ್ರಕ್ಕೆ ಹೋಯಿತು. ತಾಂಗೋ ಎಂಬ ಇನ್ನೊಂದು ಚಿಕ್ಕದು 2019ರಲ್ಲಿ ಅರ್ಜೆಂಟೀನಾದ ಬಹಿಯಾ ಬ್ಲಾಂಕಾದಲ್ಲಿ ಹತ್ತು ವರ್ಷದ ಕರಾರಿನ ಮೇಲೆ ನಿಂತಿತ್ತು. ಮರುವರ್ಷವೇ ದರ ಬಿದ್ದು ಕರಾರು ಮುರಿಯಿತು. ಅಲ್ಲಿಯ ಕಂಪನಿ 15 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು, ಹಡಗು ಗಂಟು ಕಟ್ಟಿತು. ಈಗ ಅದು ಆಫ್ರಿಕಾದ ಕಾಂಗೋದಲ್ಲಿದೆ. ನಮ್ಮ ತಾಂಡೂರಿನ ಹಾಸುಗಲ್ಲಿನ ಗಣಿಯವರು ಕಲ್ಲು ಮುಗಿದ ಮೇಲೆ ಹೋಗುತ್ತಾರೆ, ಹಿಂದೆ ನೀರು ನಿಂತ ಗುಂಡಿ ಉಳಿಯುತ್ತದೆ. ಇದು ಗುಂಡಿಯನ್ನೂ ಕಣ್ಣಿಗೆ ಕಾಣದಂತೆ ಬಿಟ್ಟು ಹೋಗುತ್ತದೆ.

ಭಾರತದಲ್ಲಿ ಇಂಥ ದ್ರವ ಮಾಡುವ ತೇಲುವ ಕಾರ್ಖಾನೆ ಇಲ್ಲ, ಯಾಕೆಂದರೆ ನಾವು ಗ್ಯಾಸ್ ಮಾರುವವರಲ್ಲ, ಕೊಳ್ಳುವವರು. ನಮಗೆ ಬೇಕಾದದ್ದು ಅದರ ತಂಗಿ, ದ್ರವವನ್ನು ಮತ್ತೆ ಗಾಳಿ ಮಾಡಿ ದಂಡೆಗೆ ಬಿಡುವ ಹಡಗು. ಅಂಥದ್ದೊಂದು 2021ರಲ್ಲಿ ರತ್ನಾಗಿರಿಯ ಜೈಗಡ ಬಂದರಿಗೆ ಬಂತು, ಕೆಲಸ ಶುರುವಾಗದೆ ಹಿಂದೆ ಹೋಯಿತು.

ಹಾಗಾದರೆ ನಮ್ಮ ಸೀಮೆಗೂ ಈ ಗ್ಯಾಸಿಗೂ ಏನು ಸಂಬಂಧ ಎಂದು ಕೇಳಬಹುದು. ಯೂರಿಯಾ ಚೀಲ ನೋಡಿ. 45 ಕಿಲೋ ಚೀಲಕ್ಕೆ ನಾವು 266 ರೂಪಾಯಿ 50 ಪೈಸೆ ಕೊಡುತ್ತೇವೆ, ಉಳಿದದ್ದು ಸರ್ಕಾರ ತುಂಬುತ್ತದೆ. ಯೂರಿಯಾದ ಅಮೋನಿಯಾ ಹುಟ್ಟುವುದು ಈ ಮೀಥೇನಿನಿಂದಲೇ. ನಮ್ಮ ರಾಮಗುಂಡಂ ಕಾರ್ಖಾನೆ ಮೊದಲು ಕಲ್ಲಿದ್ದಲಿನ ಮೇಲೆ ನಡೆಯುತ್ತಿತ್ತು, 1999ರಲ್ಲಿ ಮುಚ್ಚಿತು. 2021ರಲ್ಲಿ ಮತ್ತೆ ಶುರುವಾದದ್ದು ಗ್ಯಾಸಿನ ಮೇಲೆ. 2015ರಿಂದ ದೇಶದ ಯೂರಿಯಾ ಕಾರ್ಖಾನೆಗಳಿಗೆಲ್ಲ ನಾಡಿನ ಗ್ಯಾಸು, ಹಡಗಿನಲ್ಲಿ ಬಂದ ಗ್ಯಾಸು ಎರಡರ ದರವನ್ನೂ ಕೂಡಿಸಿ ಒಂದೇ ದರ ಕಟ್ಟುತ್ತಾರೆ. ಹೀಗಾಗಿ ಯಾವ ಚೀಲ ಎತ್ತಿದರೂ ಅದರಲ್ಲಿ ಸಮುದ್ರ ದಾಟಿ ಬಂದ ಗ್ಯಾಸಿನ ಲೆಕ್ಕ ಸ್ವಲ್ಪ ಇದೆ. 2022ರಲ್ಲಿ ಉಕ್ರೇನ್ ಯುದ್ಧವಾಗಿ ಯುರೋಪಿನವರು ಹೆಚ್ಚು ಬೆಲೆ ಕೊಟ್ಟು ಹಡಗುಗಳನ್ನು ತಮ್ಮ ಕಡೆ ತಿರುಗಿಸಿಕೊಂಡಾಗ ನಮ್ಮ ದೇಶಕ್ಕೆ ಕರಾರಿನಂತೆ ಬರಬೇಕಿದ್ದ ಕೆಲವು ಹಡಗುಗಳೂ ಬರಲಿಲ್ಲ. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಚಪ್ಪಲಿ ಸಾಲು ಇಟ್ಟು ನಿಂತದ್ದು ನೀವೆಲ್ಲ ಬಲ್ಲಿರಿ. ಅದಕ್ಕೆ ಕಾರಣ ಹಲವು, ಗ್ಯಾಸೊಂದೇ ಅಲ್ಲ.

ಇದನ್ನೆಲ್ಲ ಬರೆದು ಕಾಕಾನಿಗೆ ಓದಿ ಹೇಳಿದೆ. ತಿಮೋರಿನವರ ಹತ್ತು ಪಾಲಿನ ಮಾತಿಗೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವರದು ಬರೇ ಹೊಟ್ಟಿ ಹಸಿವಲ್ರಿ, ನಮ್ಮ ಮನಿ ಮುಂದ ಒಂದು ಇರಲಿ ಅನ್ನೂ ಹಸಿವು. ನಮಗ ಅದನ್ನ ಕೇಳ್ಕೊಂಡು ಬಂದವರ ಇಲ್ಲ, ಅಳೀಲಿಕ್ಕೇ ಬಂದರು" ಅಂದರು.

ಅವರ ಬೀಗರ ಹೊಲ ಬೀದರ್ ಕಡೆ. ಗೋದಾವರಿ ಮುಖಜ ಸಮುದ್ರದ ಗ್ಯಾಸನ್ನು ಕಾಕಿನಾಡದಿಂದ ಗುಜರಾತಿನ ಭರೂಚ್‌ಗೆ ಒಯ್ಯುವ ದೊಡ್ಡ ಪೈಪು 2009ರಿಂದ ಆ ಸೀಮೆಯ ಹೊಲಗಳ ಕೆಳಗೆ ಹಾದುಹೋಗುತ್ತದೆ. ಅಲ್ಲಿ ಭೂಮಿ ಕೊಂಡಿಲ್ಲ. 1962ರ ಕಾಯಿದೆಯಂತೆ ಬಳಸುವ ಹಕ್ಕು ಮಾತ್ರ ತೆಗೆದುಕೊಂಡು, ಅದಕ್ಕೆ ಭೂಮಿಯ ಬೆಲೆಯಲ್ಲಿ ನೂರಕ್ಕೆ ಹತ್ತು ಕೊಡುವುದು ನಿಯಮ. ಆ ಪಟ್ಟಿಯಲ್ಲಿ ಉಳಬಹುದು, ಬಿತ್ತಬಹುದು. ಬಾವಿ ತೋಡಬಾರದು, ಮನೆ ಕಟ್ಟಬಾರದು, ಗಿಡ ನೆಡಬಾರದು. ಬೀಗರು ಬದುವಿನಲ್ಲಿ ಎರಡು ಮಾವಿನ ಸಸಿ ಇಡಬೇಕೆಂದಿದ್ದರಂತೆ. ಈಗ ಅಲ್ಲಿ ಜೋಳ ಹಾಕಿದ್ದಾರೆ.